ಫಕೀರವ್ವನ ಮೇಲಿನ ಹತ್ತು ಕೇಸುಗಳು

ನಮ್ಮ ಊರಿನಲ್ಲಿ ಜನ ನಿಲ್ಲುತ್ತಾರೆ. ಬೇರೆ ಊರುಗಳಲ್ಲಿ ನೆಗಡಿ ಬರುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಅವುಗಳ ಜೊತೆಗೆ ಇದೂ ಒಂದು. ಸಂತೆಯಿಂದ ಬರುವಾಗಲೋ, ಶಾಲೆಯ ಗೇಟು ದಾಟುವಾಗಲೋ, ಒಂದು ಕಾಲು ಮುಂದಿಟ್ಟವರು ಇನ್ನೊಂದನ್ನು ಎತ್ತದೆ ಹಾಗೇ ನಿಂತುಬಿಡುತ್ತಾರೆ. ಕಣ್ಣು ತೆರೆದಿರುತ್ತದೆ, ಉಸಿರಾಡುತ್ತಿರುತ್ತಾರೆ, ಕರೆದರೆ ಓಗೊಡುವುದಿಲ್ಲ. ಎತ್ತಿ ಒಯ್ಯುವಂತಿಲ್ಲ, ಪಾದ ನೆಲ ಬಿಟ್ಟರೆ ಉಸಿರೂ ಬಿಟ್ಟುಹೋಗುತ್ತದೆ. ಹಾಗಾಗಿ ಚಿಕ್ಕಂದಿನಲ್ಲೇ ನಾವೆಲ್ಲ ಕಲಿತಿರುತ್ತೇವೆ: ನಿಂತವರ ಕೈಯಲ್ಲಿನ ಚೀಲ ತೆಗೆದು ಅವರ ಮನೆಗೆ ಮುಟ್ಟಿಸಬೇಕು, ತಲೆಯ ಮೇಲೆ ಒದ್ದೆ ಬಟ್ಟೆ ಹಾಕಬೇಕು, ತಾಸಿಗೊಮ್ಮೆ ತುಟಿಗೆ ನೀರು ಬಿಡಬೇಕು, ಒಬ್ಬರು ಛತ್ರಿ ಹಿಡಿದಿರುವಾಗ ಇನ್ನೊಬ್ಬರು ಓಡಿಹೋಗಿ ನಡೆಸುವವರನ್ನು ಕರೆತರಬೇಕು. ಬಸ್ಸುಗಳು ಸುತ್ತಿಕೊಂಡು ಹೋಗುತ್ತವೆ. ಕಚೇರಿಗೆ ತಡವಾದವರು 'ನಿಂತಿದ್ದೆ' ಎಂದರೆ ಯಾರೂ ಮರುಮಾತಾಡುವುದಿಲ್ಲ. ವಾರದವರೆಗೆ ಮೈ ತಡೆಯುತ್ತದೆ. ಆಮೇಲೆ ತಡೆಯುವುದಿಲ್ಲ.

ನಡೆಸುವವರು ಎಂದರೆ ಹಾಡಿ ನಡೆಸುವವರು. ನನ್ನ ಕಾಲಕ್ಕೆ ಊರಿನಲ್ಲಿ ಉಳಿದಿದ್ದವಳು ಫಕೀರವ್ವ ಒಬ್ಬಳೇ. ಬಸ್‌ಸ್ಟ್ಯಾಂಡಿನ ಹಿಂದೆ ಅವಳದು ಇಸ್ತ್ರಿ ಅಂಗಡಿ. ಅವಳ ಅಪ್ಪ ಮದುವೆಗಳಲ್ಲಿ ಸನಾದಿ ಊದುತ್ತಿದ್ದವನು. ಹೆಣ್ಣುಮಗಳಿಗೆ ಸನಾದಿ ಕೊಡಲಿಲ್ಲ, ಕಿವಿ ಕೊಟ್ಟಿದ್ದ. ನನಗೆ ಹದಿನಾಲ್ಕು ವರ್ಷವಿದ್ದಾಗ ನನ್ನಪ್ಪ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತ. ಫಕೀರವ್ವ ಬಂದವಳು ಮೊದಲು ಹಾಡಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: ನಿಮ್ಮಪ್ಪ ಮನೆಯೊಳಗೆ ಹೇಗೆ ನಡೆಯುತ್ತಾನೆ? ಸಿಟ್ಟು ಬಂದಾಗ ಹೇಗೆ, ಹಸಿದು ಬಂದಾಗ ಹೇಗೆ? ಚಪ್ಪಲಿ ಎಳೆಯುತ್ತಾನೋ, ಎತ್ತಿ ಇಡುತ್ತಾನೋ? ನಾನು ನಡೆದು ತೋರಿಸಿದೆ. ಅವಳು ಅಪ್ಪನ ಬೆನ್ನ ಮೇಲೆ ಎರಡು ಬೆರಳಿಟ್ಟು ಆ ಹೆಜ್ಜೆಯನ್ನೇ ತಟ್ಟುತ್ತ, ಒಂದು ಸೋಬಾನೆಯ ಪದವನ್ನು ಅದೇ ಹೆಜ್ಜೆಗೆ ಬಗ್ಗಿಸಿ ಹಾಡಿದಳು. ಮೂರನೆಯ ಸಲಕ್ಕೆ ಅಪ್ಪ ಕಾಲೆತ್ತಿ ಮೆಟ್ಟಿಲಿಳಿದು, ಏನೂ ಆಗದವನಂತೆ ಮನೆಯ ಕಡೆಗೆ ನಡೆದ. ಪದ ಯಾವುದಾದರೂ ಆದೀತು, ಹೆಜ್ಜೆ ಮಾತ್ರ ಅವರದೇ ಆಗಬೇಕು ಎಂದು ಅವಳು ಹೇಳುತ್ತಿದ್ದಳು. ಅಂದಿನಿಂದ ಹತ್ತು ವರ್ಷ ನಾನು ಅವಳ ಹಿಂದೆ ಛತ್ರಿ ಹಿಡಿದು ತಿರುಗಿದೆ. ನನಗೆ ಬಂದದ್ದೆಲ್ಲ ಅಲ್ಲಿ ಬಂದದ್ದು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಇದನ್ನು ಹೇಳಿದ್ದಕ್ಕೇ ನನ್ನ ಹೆಸರು ಪಟ್ಟಿಯಿಂದ ಹೋಯಿತು.

ಐದು ವರ್ಷದ ಹಿಂದೆ ಸಂಗೀತ ಚಿಕಿತ್ಸಕರ ಪರವಾನಗಿ ಕಾಯ್ದೆ ಬಂತು. ಕಾರಣವಿಲ್ಲದೆ ಬಂತು ಎಂದು ನಾನು ಹೇಳುವುದಿಲ್ಲ. ಹೊಳೆಯಾಚೆಯ ಊರೊಂದರಲ್ಲಿ ಯಾವನೋ ಒಬ್ಬ ತಾನೂ ನಡೆಸುತ್ತೇನೆಂದು ಹಾರ್ಮೋನಿಯಂ ತಂದು ಕೂತು, ನಿಂತ ಹೆಂಗಸಿನ ಹತ್ತಿರ ಬೇರೆ ಯಾರನ್ನೂ ಬಿಡದೆ, ಒಂಬತ್ತನೆಯ ದಿನ ಅವಳನ್ನು ಕೊಂದ. ಅಂಥವರನ್ನು ತಡೆಯಬೇಕು. ಆದರೆ ಆ ಕಾಯ್ದೆ ಬರೆದವರು ನಿಂತವರೊಬ್ಬರನ್ನೂ ಹತ್ತಿರದಿಂದ ನೋಡಿದವರಲ್ಲ. ರಾಜಧಾನಿಯಲ್ಲಿ ಯಾರೂ ನಿಲ್ಲುವುದಿಲ್ಲ. ಪದವಿ ಬೇಕು, ಎರಡು ವರ್ಷದ ಕೋರ್ಸು ಬೇಕು, ಪರವಾನಗಿ ಇದ್ದವರ ಕಣ್ಣೆದುರಿಗೆ ಸಾವಿರದಿನ್ನೂರು ತಾಸು ಚಿಕಿತ್ಸೆ ಮಾಡಿರಬೇಕು, ಆಮೇಲೆ ಪರೀಕ್ಷೆ. ಮೊದಲ ಪರವಾನಗಿ ಪಡೆದ ಐವರ ತಾಸುಗಳನ್ನು ಯಾರು ನೋಡಿದ್ದರು ಎಂದು ನಾನು ಕೋರ್ಸಿನಲ್ಲಿ ಕೇಳಿದೆ. ಅವರು ಒಬ್ಬರದನ್ನೊಬ್ಬರು ನೋಡಿಕೊಂಡರು ಎಂದು ಮೇಷ್ಟ್ರು ನಗದೆ ಹೇಳಿದರು.

ಫಕೀರವ್ವನೇ ನನ್ನನ್ನು ಕೋರ್ಸಿಗೆ ಕಳಿಸಿದ್ದು. ಊರಿನಲ್ಲಿ ಒಬ್ಬರಿಗಾದರೂ ಕಾಗದ ಇರಲಿ ಎಂಬುದು ಅವಳ ಲೆಕ್ಕಾಚಾರ. ಎರಡು ವರ್ಷ ಕಳೆದು ನಾನು ಕೊರಳಲ್ಲಿ ಕಾರ್ಡು ಹಾಕಿಕೊಂಡು ಬಂದಾಗ, ಅವಳು ಆ ಕಾರ್ಡಿನ ಪಟ್ಟಿಯನ್ನು ಬಿಚ್ಚಿಸಿಕೊಂಡು ಇಸ್ತ್ರಿ ಮಾಡಿ ಕೊಟ್ಟಳು. ಪುರಸಭೆಯ ಆಸ್ಪತ್ರೆಯಲ್ಲಿ ನನಗೊಂದು ಕೋಣೆ ಸಿಕ್ಕಿತು. ಕೂಡಲೇ ನಾನು ಅವಳ ಅರ್ಜಿ ಬರೆದೆ. ಹಳಬರಿಗೆ ಕಾಯ್ದೆಯಲ್ಲಿ ಒಂದು ರಿಯಾಯಿತಿ ಇತ್ತು: ಶಾಲಾ ಸರ್ಟಿಫಿಕೇಟು ಇಲ್ಲದಿದ್ದರೆ ಮಂಡಳಿಯ ಮುಂದೆ ಸಂದರ್ಶನ ಕೊಡಬಹುದು.

ಸಂದರ್ಶನಕ್ಕೆ ಅವಳ ಜೊತೆ ನಾನೇ ರಾಜಧಾನಿಗೆ ಹೋದೆ. ಉದ್ದನೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವೆ ಇದ್ದವರು ಮಂಡಳಿಯ ಉಪಕಾರ್ಯದರ್ಶಿ ಶ್ಯಾಮಪ್ರಸಾದ್. ಮೃದು ಮಾತಿನ ಮನುಷ್ಯ, ಫಕೀರವ್ವನಿಗೆ ಎದ್ದುನಿಂತು ಕುರ್ಚಿ ತೋರಿಸಿದರು. ಆಮೇಲೆ ಒಂದು ಪೆಟ್ಟಿಗೆಯಿಂದ ಟಕ್ ಟಕ್ ಎಂಬ ಸದ್ದು ಕೇಳಿಸಿ, ನಿಮಿಷಕ್ಕೆ ಎಪ್ಪತ್ತೆರಡು ಹೆಜ್ಜೆಯ ರೋಗಿಗೆ ಯಾವ ರಾಗ, ಯಾವ ಕಾಲ ಸೂಕ್ತ ಎಂದು ಕೇಳಿದರು. ಯಾರ ಹೆಜ್ಜೆ ಅದು ಎಂದು ಫಕೀರವ್ವ ಕೇಳಿದಳು. ಯಾರದೂ ಅಲ್ಲ, ಇದು ಬರೀ ಪ್ರಶ್ನೆ ಎಂದರು. ಅವಳು ಬಗ್ಗಿ ಆ ಪೆಟ್ಟಿಗೆಯನ್ನು ನೋಡಿದಳು.

"ಯಾರೂ ನಿಂತಿಲ್ಲಂದ್ರ ನಾ ಯಾರಿಗೆ ಹಾಡ್ಲಿ ಸಾಹೇಬ್ರ?" ಎಂದಳು. "ನಿಮ್ಮ ಮಂದಿ ಒಬ್ಬರನ್ನ ತೋರಿಸ್ರಿ, ಅವ್ರ ಮನಿಯವ್ರನ್ನ ಕರೀರಿ. ಹೇಳ್ತೀನಿ."

ಹದಿನೆಂಟು ದಿನದ ಮೇಲೆ ಪತ್ರ ಬಂತು. ಅರ್ಜಿದಾರರು ರೋಗಿಯ ಸಹಾಯವಿಲ್ಲದೆ ಉತ್ತರಿಸಲು ಅಸಮರ್ಥರು, ಅರ್ಜಿ ತಿರಸ್ಕೃತವಾಗಿದೆ, ಅರ್ಜಿದಾರರು ಇನ್ನು ಮುಂದೆ ನಿಂತ ವ್ಯಕ್ತಿಯಿಂದ ನೂರು ಅಡಿಯೊಳಗೆ ಹಾಡತಕ್ಕದ್ದಲ್ಲ. ನಾನೇ ಅದನ್ನು ಅವಳಿಗೆ ಓದಿ ಹೇಳಿದೆ. ಮೂವತ್ತೆಂಟು ವರ್ಷ ಈ ಊರನ್ನು ನಡೆಸಿದವಳು ಅವಳು. ಪತ್ರ ತಂದುಕೊಟ್ಟ ಪೋಸ್ಟ್‌ಮನ್ ಕೂಡ ಅವಳು ಎರಡು ಸಲ ನಡೆಸಿದ ಮನುಷ್ಯ. ಆ ಪತ್ರ ಅವಳ ಬಾಗಿಲಿಗೆ ಬರಲು ಅವನ ಕಾಲು ಎದ್ದದ್ದೇ ಅವಳಿಂದ. ಫಕೀರವ್ವ ಸಿಟ್ಟಾಗಲಿಲ್ಲ. ಸಿಟ್ಟೆಲ್ಲ ನನ್ನ ಪಾಲಿಗೆ ಬಿಟ್ಟಳೋ ಏನೋ. ಪತ್ರವನ್ನು ಮಡಚಿ ಇಟ್ಟು, ಇನ್ನು ನೀನುಂಟಲ್ಲ ಎಂದಳು, ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿದಳು. ಆಮೇಲಿನ ಎಂಟು ತಿಂಗಳು ಅವಳು ನಿಂತವರನ್ನು ಕಂಡರೆ ಬೇರೆ ಓಣಿ ಹಿಡಿದು ಹೋದಳು.

ಎಂಟು ತಿಂಗಳು ನಾನೊಬ್ಬಳೇ ನಡೆಸಿದೆ. ಕಾಯ್ದೆಯ ಪ್ರಕಾರ ಮೊದಲು ಏಳು ಪುಟದ ಫಾರಂ ತುಂಬಬೇಕು. ಆಮೇಲೆ ಮಂಡಳಿಯ ಆರು ಮಾದರಿ ತಾಳಗಳನ್ನು ಒಂದೊಂದಾಗಿ ಹಚ್ಚಬೇಕು. ಆರೂ ಹತ್ತದಿದ್ದರೆ ಮಾತ್ರ ಏಳನೆಯದಾಗಿ 'ಚಿಕಿತ್ಸಕರ ವಿವೇಚನೆ'. ನಾನು ಆರನ್ನೂ ಬೇಗ ಬೇಗ ಮುಗಿಸಿ ಏಳನೆಯದಕ್ಕೆ ಬರುತ್ತಿದ್ದೆ, ಅಲ್ಲಿ ಫಕೀರವ್ವನ ರೀತಿಯಲ್ಲಿ ನಡೆಸುತ್ತಿದ್ದೆ. ಹೇಗೋ ಸಾಗಿತ್ತು.

ಒಂದು ಬೆಳಿಗ್ಗೆ ಹಾಲು ಮಾರುವ ಸಾವಂತ್ರೆವ್ವ ಹೊಳೆಯ ಕಡೇ ಮೆಟ್ಟಿಲ ಮೇಲೆ ನಿಂತಳು. ಎಂಟು ತಿಂಗಳ ಬಸುರಿ, ಕ್ಯಾನು ತೊಳೆಯಲು ಇಳಿದವಳು. ನಾನು ಹೋಗುವಷ್ಟರಲ್ಲಿ ಮೇಲಿನ ಅಣೆಕಟ್ಟಿನ ಗೇಟು ತೆರೆಯುವ ಸೈರನ್ನು ಕೂಗಿತ್ತು. ಅವಳ ಗಂಡ ಬೀರಪ್ಪ ಅಣೆಕಟ್ಟಿನ ಕಚೇರಿಗೆ ಫೋನು ಮಾಡಿ ಬೇಡಿಕೊಳ್ಳುತ್ತಿದ್ದ, ಗೇಟು ತೆರೆದಾಗಿತ್ತು. ನಾನು ಫಾರಮ್ಮನ್ನು ಮೆಟ್ಟಿಲ ಮೇಲೆ ಎಸೆದು ಮಾದರಿ ತಾಳ ಶುರುಮಾಡಿದೆ. ಯಾಕೆ ಶುರುಮಾಡಿದೆ, ಯಾಕೆ ನೇರವಾಗಿ ಏಳನೆಯದಕ್ಕೆ ಹೋಗಲಿಲ್ಲ ಎಂದು ಇಂದಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಎಂಟು ತಿಂಗಳಲ್ಲಿ ಕೈ ಆ ಕ್ರಮಕ್ಕೆ ಒಗ್ಗಿಬಿಟ್ಟಿತ್ತು. ನಾಲ್ಕನೆಯ ತಾಳಕ್ಕೆ ನೀರು ಸಾವಂತ್ರೆವ್ವನ ಮೊಣಕಾಲಿಗೆ ಬಂತು, ನಾನು ಐದನೆಯದನ್ನು ಶುರುಮಾಡಿದೆ.

ಆಗ ಮೇಲಿನಿಂದ ಫಕೀರವ್ವ ಇಳಿದು ಬಂದಳು. ಜನ ದಾರಿ ಬಿಟ್ಟರು. ನನ್ನ ಕಡೆ ನೋಡಲೂ ಇಲ್ಲ, ಬೀರಪ್ಪನ ರಟ್ಟೆ ಹಿಡಿದು ಕೇಳಿದಳು: "ಬಸುರಾದ ಮ್ಯಾಲ ಇಕಿ ಹೆಂಗ ನಡೀತಾಳ? ಲಗೂ ನಡದ ತೋರಿಸು." ಬೀರಪ್ಪ ಅಳುತ್ತಲೇ ಹೊಟ್ಟೆ ಮುಂದೆ ಮಾಡಿ, ಒಂದು ಕೈ ಸೊಂಟಕ್ಕಿಟ್ಟು, ಹೆಂಡತಿಯಂತೆ ನಾಲ್ಕು ಹೆಜ್ಜೆ ನಡೆದು ತೋರಿಸಿದ. ಯಾರೂ ನಗಲಿಲ್ಲ. ಫಕೀರವ್ವ ಅಷ್ಟರಲ್ಲಿ ಸೊಂಟದ ಮಟ್ಟಕ್ಕೆ ಏರಿದ್ದ ನೀರಿನಲ್ಲಿ ನಿಂತು, ಸಾವಂತ್ರೆವ್ವನ ಬೆನ್ನ ಮೇಲೆ ಬೆರಳಿಟ್ಟು ಜೋಗುಳವೊಂದನ್ನು ಎತ್ತಿಕೊಂಡಳು. ಎರಡೇ ಸಾಲು. ಸಾವಂತ್ರೆವ್ವ ತಿರುಗಿ, ಒಂದು ಕೈ ಸೊಂಟಕ್ಕಿಟ್ಟುಕೊಂಡು, ಮೆಟ್ಟಿಲು ಹತ್ತಿದಳು.

ಆ ಸಂಜೆ ನಾನು ಫಾರಂ ತುಂಬಿದೆ. ಐದನೆಯ ಪುಟದಲ್ಲಿ ಚಿಕಿತ್ಸೆ ನೀಡಿದವರ ಹೆಸರು ಬರೆಯಬೇಕು. ನನ್ನ ಹೆಸರು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಇನ್ನೊಬ್ಬಳ ಕೆಲಸವನ್ನು ನನ್ನದೆಂದು ಬರೆಯಲು ಕೈ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇದನ್ನು ಓದಿದರೆ ಮಂಡಳಿಯವರಿಗೆ ಅವಳು ಯಾರೆಂದು ತಿಳಿದೀತು ಎಂದು ನಂಬಿದೆ. ಹಿಂದಿನ ಪುಟದಲ್ಲಿ ಜಾಗ ಸಾಲದೆ ಬೇರೆ ಹಾಳೆ ಹಚ್ಚಿ ನಡೆದದ್ದನ್ನೆಲ್ಲ ಹೆಮ್ಮೆಯಿಂದ ಬರೆದೆ. ಎಂಥ ದಡ್ಡಿ ನಾನು.

ಒಂಬತ್ತನೆಯ ದಿನ ಉಪಕಾರ್ಯದರ್ಶಿ ಶ್ಯಾಮಪ್ರಸಾದ್ ಅವರೇ ಬಂದರು. ಅವರ ಕೈಯಲ್ಲಿ ನಾನು ಬರೆದ ಹಾಳೆ ಇತ್ತು, ಕೆಲವು ಸಾಲುಗಳ ಕೆಳಗೆ ಗೆರೆ ಎಳೆದಿದ್ದರು. ಬಸುರಿಯೂ ಹೊಟ್ಟೆಯ ಕೂಸೂ ಬದುಕಿದರು ಎಂಬ ಸಾಲಿನ ಕೆಳಗಲ್ಲ. 'ಫಕೀರವ್ವ ಹಾಡಿದಳು' ಎಂಬ ಸಾಲಿನ ಕೆಳಗೆ. ಅದರ ಮೇಲೆ ದೂರು ಸಿದ್ಧವಾಗಿತ್ತು. ದೂರುದಾರಳ ಜಾಗದಲ್ಲಿ ನಾನು ಸಹಿ ಹಾಕಬೇಕಿತ್ತು. ಕಾಯ್ದೆಗೆ ಮುಖ ನೋಡಿ ಮಣೆ ಹಾಕಲು ಬರುವುದಿಲ್ಲ, ಇವರನ್ನು ಬಿಟ್ಟರೆ ನಾಳೆ ಹಾರ್ಮೋನಿಯಂನವನನ್ನೂ ಬಿಡಬೇಕಾಗುತ್ತದೆ ಎಂದು ಅವರು ನಿಧಾನವಾಗಿ ವಿವರಿಸಿದರು. ಅವರ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ನಾನು ಕಾರ್ಡನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟೆ. "ಸರ್, ಕೋರ್ಸಿನಾಗ ನನಗ ಒಬ್ಬ ನಿಂತವರನ್ನೂ ತೋರಿಸಿಲ್ಲ. ನನ್ನ ಸಾವಿರದಿನ್ನೂರು ತಾಸು ಪೆಟ್ಟಿಗಿ ಮುಂದ ಕಳದಾವು. ನಾ ಈ ಊರಾಗ ನಡೆಸಿದ ಮಂದೀನೆಲ್ಲ ಫಕೀರವ್ವ ಕಲಿಸಿದ್ದರ ಮ್ಯಾಲ ನಡೆಸೀನಿ. ಅಕಿಗೆ ಏನೂ ಬರೂದಿಲ್ಲಂದ್ರ ನನಗೂ ಬರೂದಿಲ್ಲ. ಇಬ್ಬರನ್ನೂ ಬರ್ಕೋರಿ, ಇಲ್ಲಾ ಇಬ್ಬರನ್ನೂ ಹೊಡೆದು ಹಾಕ್ರಿ."

ಅವರು ಇಬ್ಬರನ್ನೂ ಹೊಡೆದು ಹಾಕಿದರು. ನನ್ನ ಹೇಳಿಕೆಯನ್ನು ಬರೆದುಕೊಂಡು, ಅನಧಿಕೃತ ಮೂಲದಿಂದ ತರಬೇತಿ ಪಡೆದ ಕಾರಣಕ್ಕೆ ನನ್ನ ಪರವಾನಗಿಯನ್ನು ರದ್ದು ಮಾಡಿದರು, ಫಕೀರವ್ವನ ಮೇಲೆ ಮಂಡಳಿಯ ಹೆಸರಿನಲ್ಲೇ ಕೇಸು ಹಾಕಿ ಹೋದರು.

ಆಮೇಲೆ ಮೋಡದ ದಿನಗಳು ಬಂದವು. ಮೋಡವಿದ್ದಾಗ ನಮ್ಮಲ್ಲಿ ನಿಲ್ಲುವವರು ಹೆಚ್ಚು. ಮೊದಲ ದಿನ ಚಿಂದಿ ಆಯುವ ಲಗಮಪ್ಪ ತಿಪ್ಪೆಯ ಹತ್ತಿರ ನಿಂತ. ಐದು ದಿನಕ್ಕೆ ಒಂಬತ್ತು ಜನ ಆದರು. ಪಕ್ಕದ ಜಿಲ್ಲೆಯಲ್ಲಿ ಪರವಾನಗಿ ಇದ್ದವನೊಬ್ಬನಿದ್ದ, ನಾವು ಕರೆದೆವು. ಅವನ ಪರವಾನಗಿ ಜಿಲ್ಲೆಯ ಗಡಿಯಲ್ಲಿ ಮುಗಿಯುತ್ತದಂತೆ. ಗಡಿಯವರೆಗೆ ಕರೆತನ್ನಿ, ನಡೆಸುತ್ತೇನೆ ಎಂದ. ನಿಂತವರನ್ನು ಗಡಿಯವರೆಗೆ ಕರೆದೊಯ್ಯಲು ಬಂದಿದ್ದರೆ ಅವನೇಕೆ ಬೇಕಿತ್ತು? ಮಂಡಳಿಗೆ ತಂತಿ ಕೊಟ್ಟರೆ, ಹೊಸ ಚಿಕಿತ್ಸಕರ ನೇಮಕದ ಕಡತ ಚಲನೆಯಲ್ಲಿದೆ ಎಂಬ ಉತ್ತರ ಬಂತು. ಊರಿನಲ್ಲಿ ಒಂಬತ್ತು ಜನ ಚಲನೆಯಲ್ಲಿರಲಿಲ್ಲ, ಕಡತವಿತ್ತು.

ಒಂಬತ್ತನೆಯವಳು ಪುರಸಭೆ ಅಧ್ಯಕ್ಷ ಗುರುಶಾಂತಪ್ಪನ ತಾಯಿ. ಅವಳು ನಿಂತು ಎರಡು ತಾಸಾಗಿರಲಿಲ್ಲ, ಅಧ್ಯಕ್ಷ ಜೀಪಿನಲ್ಲಿ ಇಸ್ತ್ರಿ ಅಂಗಡಿಗೆ ಬಂದ. ಅದಕ್ಕೂ ಮುಂಚೆಯೇ ನಾನು ಫಕೀರವ್ವನ ಮುಂದೆ ಕೂತು ಗೋಗರೆಯುತ್ತಿದ್ದೆ. ಅವಳು ಬಟ್ಟೆಗಳನ್ನು ಮಡಚಿ ಒಂದು ಕಡೆ ಇಟ್ಟು ಎದ್ದೂ ಆಗಿತ್ತು. ನೂರು ಅಡಿಯ ವಿಷಯ ತಾನು ನೋಡಿಕೊಳ್ಳುತ್ತೇನೆ, ಜೀಪು ಹತ್ತು ಎಂದ ಅಧ್ಯಕ್ಷ. ಹಾಗೆಂದು ಬರೆದುಕೊಡಿ ಎಂದು ನಾನು ಹೇಳಿದೆ. ಬರೆದುಕೊಡಲು ಆಗುವುದಿಲ್ಲ, ಬಾಯಿಮಾತು ಸಾಕು ಎಂದ.

"ಬರೆಯೂದೇನೂ ಬ್ಯಾಡ್ರಿ," ಎಂದಳು ಫಕೀರವ್ವ. "ಆದ್ರ ಮೊದ್ಲ ನಿಂತವ್ರು ಮೊದ್ಲ. ಲಗಮಪ್ಪಂದು ಐದನೇ ದಿನ. ನಿಮ್ಮವ್ವಂದು ಸರತಿ ಬಂದಾಗ ಬರ್ತೀನಿ."

ಅಧ್ಯಕ್ಷನ ಮುಖ ಕೆಂಪಾಯಿತು. ಆದರೂ ಜೀಪನ್ನು ತಿಪ್ಪೆಯ ಕಡೆಗೆ ತಿರುಗಿಸಿದ. ಲಗಮಪ್ಪನಿಗೆ ಮನೆಯವರೆಂದು ಯಾರೂ ಇರಲಿಲ್ಲ. ಅವನ ನಡಿಗೆ ಯಾರಿಗೆ ಗೊತ್ತು? ಚಹಾದಂಗಡಿಯವನು ಅರ್ಧ ತೋರಿಸಿದ, ಕಸದ ಗಾಡಿಯ ಹೆಂಗಸರು ಇನ್ನರ್ಧ ತೋರಿಸಿದರು. ಹಾಡಿನ ನಡುವೆ ಕಾನ್‌ಸ್ಟೇಬಲ್ ದ್ಯಾಮಣ್ಣ ಬಂದು, ಟೇಪು ಹಿಡಿದು ದೂರ ಅಳೆದು, ಡೈರಿಯಲ್ಲಿ ಬರೆದುಕೊಂಡ. ಬರೆಯದಿದ್ದರೆ ತನ್ನ ಕೆಲಸ ಹೋಗುತ್ತದೆ, ನೀವು ಹಾಡುತ್ತಿರಿ ಎಂದ. ಲಗಮಪ್ಪ ನಡೆದ. ನಾವು ಎರಡನೆಯವರ ಬಳಿ ಹೋದೆವು, ದ್ಯಾಮಣ್ಣನೂ ಬಂದ. ಸಂಜೆಯೊಳಗೆ ಒಂಬತ್ತೂ ಜನ ತಮ್ಮ ಕಾಲ ಮೇಲೆ ಮನೆ ಸೇರಿದರು, ಫಕೀರವ್ವನ ಮೇಲೆ ಒಂಬತ್ತು ಕೇಸುಗಳಾದವು. ಸಾವಂತ್ರೆವ್ವನದು ಸೇರಿ ಹತ್ತು. ಛತ್ರಿ ಹಿಡಿದು ಸಹಕರಿಸಿದ್ದಕ್ಕೆ ನನ್ನ ಮೇಲೂ ಒಂದು ಬೇರೆ ಕೇಸು; ಅದರ ತಾರೀಖು ಇನ್ನೂ ಬಂದಿಲ್ಲ.

ವಿಚಾರಣೆಯ ದಿನ ಸರ್ಕಾರಿ ವಕೀಲರ ಸಾಕ್ಷಿಗಳೆಂದರೆ ಆ ಹತ್ತು ಜನರೇ. ಹತ್ತೂ ಜನ ನಡೆದುಕೊಂಡು ಕೋರ್ಟಿಗೆ ಬಂದರು. ಸಾವಂತ್ರೆವ್ವನ ಕಂಕುಳಲ್ಲಿ ಎರಡು ತಿಂಗಳ ಹೆಣ್ಣು ಕೂಸಿತ್ತು. ಆರೋಪಿ ನಿಮ್ಮ ಹತ್ತಿರ ನಿಂತು ಹಾಡಿದ್ದು ನಿಜವೇ ಎಂದು ವಕೀಲರು ಕೇಳಿದರು.

"ಖರೇರಿ," ಎಂದಳು ಸಾವಂತ್ರೆವ್ವ. "ಹಾಡದಿದ್ರ ನಾನೂ ಇರ್ತಿದ್ದಿಲ್ಲ, ಈ ಕೂಸೂ ಇರ್ತಿದ್ದಿಲ್ಲ."

ಮೊದಲನೆಯ ಮಾತನ್ನು ಬರೆಸಿದರು. ಎರಡನೆಯದು ಪ್ರಶ್ನೆಗೆ ಸಂಬಂಧಿಸಿದ್ದಲ್ಲ ಎಂದು ಬಿಡಿಸಿದರು. ಉಳಿದ ಒಂಬತ್ತು ಜನರದೂ ಹಾಗೇ ಆಯಿತು: 'ಹಾಡಿದ್ದು ನಿಜ', 'ಹಾಡಿದ್ದು ನಿಜ', 'ಹಾಡಿದ್ದು ನಿಜ'. ಒಂದು ಊರು ತನ್ನ ಕಾಲ ಮೇಲೆ ಬಂದು ಸಾಕ್ಷಿ ನುಡಿಯಿತು, ಕಾಗದದ ಮೇಲೆ ಉಳಿದದ್ದು ಅವಳ ಅಪರಾಧ ಮಾತ್ರ. ಕಾಯ್ದೆ ಸ್ಪಷ್ಟವಾಗಿದೆ, ತಮ್ಮ ಕೈ ಕಟ್ಟಿದೆ, ಆದರೂ ಆರೋಪಿಯ ವಯಸ್ಸು ನೋಡಿ ಅತಿ ಕಡಿಮೆ ಶಿಕ್ಷೆ ಕೊಡುತ್ತಿದ್ದೇನೆ ಎಂದರು ನ್ಯಾಯಾಧೀಶರು. ಕೋರ್ಟು ಏಳುವತನಕ ಕಟಕಟೆಯಲ್ಲಿ ನಿಂತಿರಬೇಕು.

ಆಗ ಹನ್ನೊಂದು ಗಂಟೆ. ಅರವತ್ತಾರು ವರ್ಷದ ಫಕೀರವ್ವ ಕಟಕಟೆಯಲ್ಲಿ ನಿಂತಳು. ಮಧ್ಯಾಹ್ನ ನಾನು ಸ್ಟೂಲು ತಂದೆ. ಕಟಕಟೆಯೊಳಗೆ ಸ್ಟೂಲಿಗೆ ಅವಕಾಶವಿಲ್ಲ ಎಂದು ಜವಾನ ಒಳಗೆ ಬಿಡಲಿಲ್ಲ. ಲಗಮಪ್ಪ ಎಲ್ಲಿಂದಲೋ ನೀರು ತಂದುಕೊಟ್ಟ. ಮುಂದಿನ ಸಾಲಿನಲ್ಲಿ ಕೂತಿದ್ದ ಉಪಕಾರ್ಯದರ್ಶಿ ಶ್ಯಾಮಪ್ರಸಾದ್ ಒಮ್ಮೆಯೂ ತಲೆಯೆತ್ತಲಿಲ್ಲ. ಹತ್ತು ಸಾಕ್ಷಿಗಳಲ್ಲಿ ಒಬ್ಬರೂ ಮನೆಗೆ ಹೋಗಲಿಲ್ಲ, ಒಬ್ಬರೂ ಕೂರಲಿಲ್ಲ. ಅಧ್ಯಕ್ಷನ ತಾಯಿ ಕೂಡ ಗೋಡೆಗೆ ಒರಗಿ ನಿಂತೇ ಇದ್ದಳು. ಐದು ಗಂಟೆಗೆ ನ್ಯಾಯಾಧೀಶರು ಎದ್ದು ಒಳಗೆ ಹೋದರು.

ಹೊರಗೆ ಬಂದು ಬೇವಿನ ಕಟ್ಟೆಯ ಮೇಲೆ ಫಕೀರವ್ವ ಕೂತಳು. ಪಾದ ಬಾತಿದ್ದವು. ನಾನು ಮಂಡಳಿಯನ್ನೂ, ವಕೀಲರನ್ನೂ, ಆ ಜವಾನನನ್ನೂ ಸೇರಿಸಿ ಬೈಯತೊಡಗಿದೆ. ಮೇಲಿನ ಕೋರ್ಟಿಗೆ ಹೋಗೋಣ, ಬಿಡುವುದು ಬೇಡ ಎಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಮೀನಖಂಡ ನೀವಿಕೊಳ್ಳುತ್ತಿದ್ದಳು.

"ಕಸ್ತೂರಿ, ನಿಂತ್ರ ಕಾಲು ಇಷ್ಟ ನೋಯ್ತಾವಂತ ನಂಗ ಗೊತ್ತಿರಲಿಲ್ಲ ನೋಡ," ಎಂದಳು. "ಮಂದಿ ಕರಿಯಾಕ ಬಂದ್ರ ನಾ ಕೈಯಾಗಿನ ಅಂಗಿ ಇಸ್ತ್ರಿ ಮುಗಿಸಿ, ಚಾ ಕುಡದು ಹೋಗ್ತಿದ್ದೆ. ತಪ್ಪಾತು. ಇನ್ನ ಮ್ಯಾಲ ಕರದ ಕೂಡ್ಲೆ ಹೋಗಬೇಕು."

ಕಟ್ಟೆಯ ಆಚೆ ಕಾನ್‌ಸ್ಟೇಬಲ್ ದ್ಯಾಮಣ್ಣ ಟೊಪ್ಪಿಗೆ ತೆಗೆದು ನಿಂತಿದ್ದ. ಊರಾಗ ಯಾರರೆ ನಿಂತಾರೇನೋ ಎಂದು ಅವನನ್ನು ಕೇಳಿದಳು. ಅವನು ಸುತ್ತ ಒಮ್ಮೆ ನೋಡಿ, ಟಾಕೀಸಿನ ಹತ್ತಿರ ಒಬ್ಬಳು ಮಧ್ಯಾಹ್ನದಿಂದ ನಿಂತಿದ್ದಾಳೆ ಎಂದು ತಗ್ಗಿದ ದನಿಯಲ್ಲಿ ಹೇಳಿದ.

ಫಕೀರವ್ವ ಚಪ್ಪಲಿ ಮೆಟ್ಟಲು ನೋಡಿದಳು, ಬಾತ ಪಾದಕ್ಕೆ ಅವು ಹಿಡಿಸಲಿಲ್ಲ. ಅವುಗಳನ್ನು ನನ್ನ ಕೈಗೆ ಕೊಟ್ಟು ಬರಿಗಾಲಲ್ಲಿ ಎದ್ದಳು.